ಹಲ್ಲಿನ ಫೋಟೋ ಹಿಡಿದ ಬೆರಳು

ಹೋದ ವೈಶಾಖದಲ್ಲಿ ಮದುವೆಯೊಂದಕ್ಕೆಂದು ಹಳಿಯಾಳಕ್ಕೆ ಹೋಗಿದ್ದೆವು. ಬೂಂದಿ ಲಾಡು ತಿಂದ ಮರುದಿನ ಮೊಮ್ಮಗಳ ದವಡೆ ಊದಿಕೊಂಡಿತು. ಪೇಟೆಯಲ್ಲಿ ಹಲ್ಲಿನ ದವಾಖಾನೆ ಹೊಸದಾಗಿ ತೆರೆದಿದೆ ಎಂದರು. ಮಗಳು, ಮೊಮ್ಮಗಳು, ನಾನು ನಡೆದೇ ಹೋದೆವು. ಬಾಗಿಲ ಮೇಲಿನ ಫಲಕದ ಬಣ್ಣ ಇನ್ನೂ ಘಮ್ಮೆನ್ನುತ್ತಿತ್ತು. ಒಳಗೆ ಕಾಲಿಟ್ಟೊಡನೆ ಅದು ಹಿಂದೆ ಸರಿದು ಇನ್ನೊಂದು ವಾಸನೆ ಬಂತು. ಲವಂಗದೆಣ್ಣೆ, ಅದರ ಬೆನ್ನಿಗೆ ಫೋಟೋ ತೊಳೆಯುವ ನೀರಿನ ಹುಳಿ. ನಾನು ಚೌಕಟ್ಟು ಹಿಡಿದುಕೊಂಡು ನಿಂತೆ.

ಡಾಕ್ಟರು ಎಂದರೆ ಎಳೆಯ ಹುಡುಗಿ. ಕಾಲೇಜು ಮುಗಿಸಿ ಈಗಷ್ಟೇ ಬಂದವಳು, ಮದುವೆಯೂ ಈಗಷ್ಟೇ ಆದಂತಿತ್ತು. ಬೆರಳ ತುದಿಗಳಲ್ಲಿ ಮದರಂಗಿ ಕಪ್ಪಾಗಿ ಕೂತಿತ್ತು. ಮೊಮ್ಮಗಳ ಬಾಯಿ ನೋಡಿ, “ಒಂದು ಫೋಟೋ ತಗೀಬೇಕ್ರಿ. ನಿಮ್ಮೊಳಗ ಯಾರಾದ್ರೂ ಬಸುರಿ ಇದ್ರ ಹೊರಗ ನಿಲ್ರಿ” ಎಂದಳು. ನಮ್ಮ ಮೂವರನ್ನೂ ನೋಡಿ ತಾನೇ ನಕ್ಕಳು. ನನ್ನ ಮಗಳೂ ನಕ್ಕಳು. ಆಮೇಲೆ ಪುಟ್ಟ ಫಿಲ್ಮನ್ನು ಮಗುವಿನ ಬಾಯಲ್ಲಿ ಇಟ್ಟಳು. ಮಗು ನಾಲಗೆಯಿಂದ ಅದನ್ನು ಹೊರಕ್ಕೆ ನೂಕಿತು. ಮತ್ತೆ ಇಟ್ಟಳು, ಮತ್ತೆ ನೂಕಿತು. ಆಗ ಅವಳು ತನ್ನ ತೋರುಬೆರಳನ್ನೇ ಒಳಗಿಟ್ಟು ಫಿಲ್ಮನ್ನು ಒತ್ತಿ ಹಿಡಿದು, ಇನ್ನೊಂದು ಕೈಯನ್ನು ಗುಂಡಿಯತ್ತ ಚಾಚಿದಳು.

“ಬೆರಳು ತಗೀ, ತಂಗೀ” ಎಂದೆ.

“ಏನಾಗಂಗಿಲ್ಲ ಬಿಡ್ರಿ ಅಜ್ಜಿ. ಕಣ್ಣು ಪಿಳಕಿಸೂದ್ರಾಗ ಮುಗೀತೈತಿ.”

ಇದೇ ಮಾತು. ಇದೇ ಮಾತನ್ನು ನನ್ನ ಗಂಡ ತಮ್ಮ ತಂಗಿ ನೀಲಾಗೆ ಹೇಳಿದ್ದರು. ನೀಲಾ ತನ್ನ ಬಲಗೈಯ ತೋರುಬೆರಳನ್ನು ಕೊಟ್ಟದ್ದು ಈ ಮಾತನ್ನು ನಂಬಿ.

ಗೋವಾ ಬಿಡುಗಡೆಯಾದ ಮರು ಮಳೆಗಾಲ ಅದು. ನಾವಾಗ ದಾಂಡೇಲಿಯಲ್ಲಿದ್ದೆವು. ಕಟ್ಟಿಗೆ ಡಿಪೋದ ಕಡೆ ಹೋಗುವ ರಸ್ತೆಯ ಮೇಲೆ ಬಾಡಿಗೆ ಮನೆ. ಮುಂದಿನ ಕೋಣೆ ದವಾಖಾನೆ, ಹಿಂದಿನ ಎರಡು ಕೋಣೆ ಸಂಸಾರ. ಬಿದಿರು ಹೇರಿದ ಲಾರಿಗಳು ಹಾದುಹೋಗುವಾಗ ಕಿಟಕಿಯ ಗಾಜು ಹಲ್ಲು ಕಡಿದಂತೆ ಸದ್ದು ಮಾಡುತ್ತಿತ್ತು. ಕಾಗದದ ಕಾರ್ಖಾನೆಯ ವಾಸನೆ, ಹಳಸಿದ ಕೋಸಿನ ಪಲ್ಯದ್ದು, ಮಳೆ ಹಿಡಿದರೆ ಮನೆಯೊಳಗೇ ಬಂದು ಕೂಡುತ್ತಿತ್ತು. ಕಾನ್ವೆಂಟಿನಲ್ಲಿ ಸಿಸ್ಟರುಗಳ ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಮೇಣದ ವಾಸನೆಯ ನಡುವೆ ಬೆಳೆದ ನನಗೆ ಮೊದಮೊದಲು ಅನ್ನವೇ ಇಳಿಯುತ್ತಿರಲಿಲ್ಲ. ಬಸಿರೂ ಇತ್ತು.

ನಮ್ಮವರು ಹಳಿಯಾಳದ ಕಾಳುಕಡಿ ವ್ಯಾಪಾರಸ್ಥರ ಮಗ. ಮುಂಬೈಯಲ್ಲಿ ಹಲ್ಲಿನ ವೈದ್ಯ ಕಲಿತು ಬಂದು ವರ್ಷ ತುಂಬಿರಲಿಲ್ಲ. ಮೆತ್ತಗಿನ ಮನುಷ್ಯ, ಹೆದರಿದ ಮಕ್ಕಳ ಬಾಯಿಗೆ ಮೊದಲು ಕನ್ನಡಿ ತೋರಿಸಿ ನಗಿಸುವವರು. ಊರಿನವರಿಗೆ ಮಾತ್ರ ಇವರೊಂದು ಚೇಷ್ಟೆಯ ವಸ್ತು. “ಹಲ್ಲು ಕೀಳಾಕ ಮುಂಬೈತನಕ ಹೋಗಿ ಕಲೀಬೇಕೇನು? ನಮ್ಮೂರ ಬಡಿಗ್ಯಾ ಇಕ್ಕಳದಾಗ ಕೀಳ್ತಾನ” ಎನ್ನುತ್ತಿದ್ದರು. ಇವರು ನಗುತ್ತಿದ್ದರು, ಆದರೆ ಆ ಮಾತು ಒಳಗೆ ಕೊರೆಯುತ್ತಿತ್ತು. ಬಡಿಗ್ಯಾನ ಹತ್ತಿರ ಇಲ್ಲದ್ದು ತಮ್ಮಲ್ಲಿ ಏನಾದರೂ ಇರಬೇಕಿತ್ತು ಇವರಿಗೆ.

ಅದು ಮೇ ತಿಂಗಳ ಕೊನೆಗೆ ಗೋವಾದಿಂದ ಬಂತು. ಮಡಗಾಂವದ ಹಲ್ಲಿನ ಡಾಕ್ಟರೊಬ್ಬ ಲಿಸ್ಬನ್ನಿಗೆ ಹೊರಟವನು ತನ್ನ ಹಳೆಯ ಎಕ್ಸ್-ರೇ ಮಶೀನನ್ನು ಮಾರಿದ್ದ. ಜೋಯಿಡಾದ ಘಟ್ಟದ ದಾರಿಯಲ್ಲಿ ಲಾರಿಯ ಮೇಲೆ ಹುಲ್ಲಿನ ನಡುವೆ ಮಲಗಿ ಬಂದ ಅದನ್ನು ಇಳಿಸುವಾಗ ಕೊಂಕಣಿ ಡ್ರೈವರು, “ಬರೇಂ ಜಡ ಆಸಾ ಸಾಯ್ಬಾ!” ಎಂದು ಅದರ ಭಾರಕ್ಕೆ ಸೊಂಟ ಹಿಡಿದುಕೊಂಡ. ಉದ್ದ ಕತ್ತಿನ, ಕಪ್ಪು ತಲೆಯ ಆ ಮಶೀನು ಮೂಲೆಯಲ್ಲಿ ನಿಂತಾಗ ಕಾಳಿ ನದಿಯ ದಂಡೆಯ ಕೊಕ್ಕರೆಯಂತೆ ಕಂಡಿತು. ಅದರ ಮೈಮೇಲೆ ಕೆಂಪು ಅಕ್ಷರದ ಒಂದು ತಗಡಿನ ಪಟ್ಟಿ ಇತ್ತು. ಪೋರ್ಚುಗೀಸು. ನಮ್ಮಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ನಮ್ಮವರು ಅದನ್ನು ದಿನಾ ಬೆಳಿಗ್ಗೆ ಒರೆಸಿ ಹೊಳಪು ಮಾಡುತ್ತಿದ್ದರು.

ತವರಿನಲ್ಲಿ ನನಗೆ ತಾಯಿ ಇರಲಿಲ್ಲ. ಹಾಗಾಗಿ ಬಾಣಂತನಕ್ಕೆ ನೆರವಾಗಲೆಂದು ಅತ್ತೆ ಹಳಿಯಾಳದಿಂದ ನೀಲಾಳನ್ನು ಕಳಿಸಿದರು. ಮೊದಲ ಮಳೆಯ ಹೊತ್ತಿಗೆ ಬಂದಳು. ತಲೆಯ ಮೇಲೆ ಟ್ರಂಕು, ಕಂಕುಳಲ್ಲಿ ಕೌದಿಯ ಗಂಟು, ರವಿಕೆಯ ಹೆಗಲಿಗೆ ಚುಚ್ಚಿಕೊಂಡ ಸೂಜಿ. ಆ ಸೂಜಿ ಅಲ್ಲಿ ಇಲ್ಲದ ನೀಲಾಳನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಕಾನ್ವೆಂಟಿನಲ್ಲಿ ನಮಗೂ ಕಸೂತಿ ಕಲಿಸಿದ್ದರು. ನಮ್ಮದು ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಹೂವು ಬರೆದು ಮೇಲೆ ದಾರ ಓಡಿಸುವ ಕೆಲಸ. ನೀಲಾ ಏನನ್ನೂ ಬರೆಯುತ್ತಿರಲಿಲ್ಲ. ಬಟ್ಟೆಯ ಎಳೆಗಳನ್ನು ತೋರುಬೆರಳ ತುದಿಯಲ್ಲಿ ಎಣಿಸಿ ಸೂಜಿ ಹಾಕುತ್ತಿದ್ದಳು. ಗೋಪುರ, ಆನೆ, ತುಳಸಿಕಟ್ಟೆ ತಾವಾಗಿ ಏಳುತ್ತಿದ್ದವು. ಹಿಂದೆ ಮುಂದೆ ಒಂದೇ ಸಮ. ಎಲ್ಲಿಯೂ ಗಂಟು ಇರುವಂತಿಲ್ಲ, ಅದೇ ಅದರ ಮರ್ಯಾದೆ. ಮಳೆಗೆ ಕರೆಂಟು ಹೋದಾಗಲೂ ಅವಳ ಕೈ ನಿಲ್ಲುತ್ತಿರಲಿಲ್ಲ.

“ಕಣ್ಣು ಹಾಳಾಗ್ತಾವು ನೀಲಾ” ಎಂದರೆ, “ಕಣ್ಣಿಗೇನ ಕೆಲಸ ಐತಿ ವೈನಿ ಇಲ್ಲೆ? ಎಳಿ ಬೆರಳಿಗೆ ಹೇಳ್ತಾವು” ಎನ್ನುತ್ತಿದ್ದಳು.

ಆ ಮಳೆಗಾಲದಲ್ಲಿ ಅವಳು ಹಿಡಿದದ್ದು ನನ್ನ ಕೂಸಿನ ಕುಂಚಿಗೆ. ತಲೆಗೆ ಟೊಪ್ಪಿಗೆಯಾಗಿ, ಬೆನ್ನ ತನಕ ಇಳಿಬೀಳುವ ಕೂಸಿನ ಉಡುಪು. ನಮ್ಮ ಕಡೆ ಹೆಸರಿಡುವ ದಿನ ಹಾಕಲೇಬೇಕು. ಕಪ್ಪು ಚಂದ್ರಕಾಳಿ ಬಟ್ಟೆ, ಕೆಂಪು, ಹಳದಿ, ಹಸಿರು ರೇಷ್ಮೆ. ಹಣೆಯ ಅಂಚಿಗೆ ಗೋಪುರದ ಸಾಲು, ಬೆನ್ನಿಗೆ ತೊಟ್ಟಿಲುಗಳ ಸಾಲು ಎಂದು ಮನಸ್ಸಿನಲ್ಲೇ ಹಾಕಿಕೊಂಡಿದ್ದಳು. ಅದೇ ಹೊತ್ತಿಗೆ ಅವಳಿಗೆ ಮುಂಡಗೋಡ ಹತ್ತಿರದ ಸನವಳ್ಳಿಯ ಒಂದು ಮನೆಯ ಮಾತು ನಡೆದಿತ್ತು. ಒಳ್ಳೆಯ ಒಕ್ಕಲು ಮನೆ. ಅವರು ನೀಲಾಳ ಕೈಯ ಕಸೂತಿಯ ಒಂದು ಖಣ ನೋಡಿಯೇ ಸಂಬಂಧ ಕೇಳಿದ್ದರು. ಹೀಗೆ ಆ ಬೆರಳ ಮೇಲೆ ಅವಳ ಬಾಳುವೆಯೂ ನಿಂತಿತ್ತು ಅನ್ನಬಹುದು.

ಸಾಂಬ್ರಾಣಿ ಊರಿನ ಬಸವ್ವ ಬಂದದ್ದು ಜೂನಿನ ಮಿರ್ಗ ಮಳೆ ಜಡಿಯುವಾಗ. ದೊಡ್ಡ ಕುಳದ ಹೆಂಗಸು. ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ, ದವಡೆಗೆ ಬಿಗಿದ ಅರಿವೆ. ನಮ್ಮವರು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಫಿಲ್ಮು ಹಿಡಿದು ಬಗ್ಗಿದರು. ಬಸವ್ವ ಹಲ್ಲು ಗಪ್ಪನೆ ಮುಚ್ಚಿದಳು.

“ಯಪ್ಪಾ, ಬೇಕಾದ್ರ ಎಲ್ಲಾ ಹಲ್ಲೂ ಕಿತ್ತಕೊ. ಇಕ್ಕಳ ಹಾಕು. ಬೆರಳ ಮಾತ್ರ ಹಾಕಬ್ಯಾಡ. ಪರಗಂಡಸರ ಬೆರಳ ಬಾಯಾಗ ಇಟಗೊಂಡು ಹೋಗಿ ನಾ ಲಿಂಗಾ ಹೆಂಗ ಮುಟ್ಟಲಿ?”

“ಇಕ್ಕಳ ನಡೀತೈತಿ, ಬೆರಳ ನಡ್ಯಂಗಿಲ್ಲೇನಬೇ?”

“ಇಕ್ಕಳ ಕಬ್ಬಣ ಐತಿ. ಕಬ್ಬಣಕ್ಕ ಗಂಡು ಹೆಣ್ಣು ಇರ್ತೈತೇನು?”

ನಾನು ಒಳಗಿನಿಂದ ನಕ್ಕುಬಿಟ್ಟೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾನೇ ಹಿಡಿಯುತ್ತೇನೆ ಎಂದು ಹೊಸ್ತಿಲು ದಾಟಿದೆ. ನಮ್ಮವರು ಕೈ ಅಡ್ಡ ಮಾಡಿದರು.

“ನೀ ಬ್ಯಾಡ. ಬಸುರ್ಯಾರು ಇದರ ಹತ್ರ ಬರಬಾರದಂತ ನಮಗ ಕಲಿಸ್ಯಾರ” ಎಂದು ನನ್ನನ್ನು ಗೋಡೆಯ ಆಚೆ ಕಳಿಸಿ, ಬಾಗಿಲು ಮುಂದಕ್ಕೆಳೆದುಕೊಂಡರು. ಆಮೇಲೆ ಕೂಗಿದರು: “ನೀಲಾ, ಬಾ ಇಲ್ಲೆ.”

ನನಗೆ ಆಗ ಹೆಮ್ಮೆಯೆನಿಸಿತು. ನನ್ನ ಗಂಡ ಎಷ್ಟು ತಿಳಿದವರು, ನನ್ನ ಕೂಸಿನ ಬಗ್ಗೆ ಎಷ್ಟು ಎಚ್ಚರ ಎಂದು. ಗೋಡೆಯ ಈಚೆ ನಿಂತು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೆ.

“ನನಗೇನರ ಆಗ್ತೈತೇನು ಅಣ್ಣಾ?” ನೀಲಾ ಕೇಳಿದ್ದು ಕೇಳಿಸಿತು.

“ಏನಾಗಂಗಿಲ್ಲ. ಬರೇ ಬೆಳಕ ಐತಿ ಇದು. ಕಣ್ಣು ಪಿಳಕಿಸೂದ್ರಾಗ ಮುಗೀತೈತಿ.”

ಗುರ್ ಎಂದು ಸದ್ದಾಯಿತು. ಬಸವ್ವನ ದನಿ: “ಬೆರಳಂದ್ರ ಇದು ನೋಡು! ಬೆಣ್ಣಿ ಇದ್ದಂಗ ಐತಿ.”

“ಕಡದೀರಿ ಮತ್ತ, ಅಮ್ಮಾ!”

“ಕಡದ್ರ ಏನಾತು? ನಮ್ಮನಿಗಿ ಸೊಸಿ ಮಾಡ್ಕೊಂಡು ಋಣಾ ತೀರಿಸ್ತೇನಿ.”

ಮೂವರೂ ನಕ್ಕರು. ಬಾಗಿಲ ಈಚೆ ನಾನೂ ನಕ್ಕೆ.

ಬಸವ್ವ ಹೋದಲ್ಲೆಲ್ಲ ಸುದ್ದಿ ಹೋಯಿತು. ದಾಂಡೇಲಿ ಡಾಕ್ಟರು ಹಲ್ಲಿನ ಫೋಟೋ ತೆಗೆಯುತ್ತಾನೆ, ಹೆಂಗಸರಿಗೆ ಹೆಂಗಸರದೇ ಬೆರಳು. ಸಾಂಬ್ರಾಣಿಯಿಂದ ಬಂಡಿ ಕಟ್ಟಿಕೊಂಡು ಬಂದರು, ಹಳಿಯಾಳದಿಂದ ಬಸ್ಸಿಗೆ ಬಂದರು, ಜೋಯಿಡಾ ಕಡೆಯ ಕೊಂಕಣಿ ಹೆಂಗಸರು ತಲೆಯ ಮೇಲಿನ ಎಲೆಯ ಗೊರಬಿನಿಂದ ನೀರು ಸುರಿಸುತ್ತ ನಿಂತರು. ಗಂಡಸರಿಗೆ ಫೋಟೋದ ಚಪಲ ಇರಲಿಲ್ಲ, ಅವರು ಹಲ್ಲು ಕೀಳಿಸಿಕೊಂಡು ಹೋಗುವವರು. ಹೆಂಗಸರು ಮಾತ್ರ ನೋವಿಲ್ಲದ ಹಲ್ಲಿನದೂ ಒಂದಿರಲಿ ಎನ್ನುತ್ತಿದ್ದರು. ಜನ್ಮದಲ್ಲಿ ಒಂದು ಫೋಟೋ ತೆಗೆಸಿಕೊಂಡಿರದವರು ಉಗುರಗಲದ ಕಪ್ಪು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, “ಇದು ನಂದ ಹಲ್ಲೇನ? ಬೇರು ನೋಡವಾ, ಶೇಂಗಾ ಕಿತ್ತಂಗ!” ಎಂದು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ನಮ್ಮವರು ಯಾರಿಗೂ ಇಲ್ಲ ಎನ್ನಲಿಲ್ಲ. ಬಡಿಗ್ಯಾನ ಇಕ್ಕಳದ ಮಾತನ್ನು ಈಗ ಯಾರೂ ಆಡುತ್ತಿರಲಿಲ್ಲ.

ಆರಿದ್ರಾ ಮಳೆ, ಪುನರ್ವಸು ಮಳೆ. ಸೂರ್ಯನ ಮುಖ ಕಾಣದ ವಾರಗಳು. ಫೋಟೋಗಳು ಮಸುಕಾಗತೊಡಗಿದವು. ಬಚ್ಚಲಲ್ಲೇ ಕೆಂಪು ದೀಪ ಹಚ್ಚಿ ನೀಲಾ ಅವನ್ನು ತೊಳೆಯುತ್ತಿದ್ದಳು; ಹೊರತಂದರೆ ಹಲ್ಲೂ ಇಲ್ಲ ಬೇರೂ ಇಲ್ಲ, ಮಂಜು. ಕರೆಂಟು ಕಡಿಮೆ ಬರುತ್ತಿದೆ ಎಂದರು ನಮ್ಮವರು. ಬಲ್ಬುಗಳು ಬತ್ತಿಯ ಕುಡಿಯಂತೆ ಕೆಂಪಗಿರುತ್ತಿದ್ದುದೂ ನಿಜ. ಅದಕ್ಕೆ ಗುಂಡಿಯನ್ನು ಹೆಚ್ಚು ಹೊತ್ತು ಒತ್ತತೊಡಗಿದರು. ಕಣ್ಣು ಪಿಳಕಿಸುವುದು ಹೋಗಿ “ಉಸಿರು ಹಿಡೀರಿ” ಎನ್ನುವವರೆಗೆ ಬಂತು. ಮಸುಕಾದರೆ ಮತ್ತೊಂದು, ಅದೂ ಮಸುಕಾದರೆ ಇನ್ನೊಂದು. ಪ್ರತಿ ಸಲವೂ ನೀಲಾಳ ಬೆರಳು. ಕೊನೆಗೆ ಒಂದು ದಿನ ಮಶೀನಿನ ಮೂತಿ ಬಿಚ್ಚಿ ನೋಡಿದರೆ ಒಳಗೊಂದು ಅಲ್ಯುಮಿನಿಯಂ ಬಿಲ್ಲೆ ಅಡ್ಡ ಕೂತಿತ್ತು. “ನೋಡು, ಇದ ತಡ್ಯಾಕತ್ತಿತ್ತು ಬೆಳಕನ್ನ” ಎಂದು ಮಕ್ಕಳಂತೆ ಖುಷಿಪಟ್ಟು ತೆಗೆದು ಕಿಟಕಿಯಲ್ಲಿಟ್ಟರು. ಫೋಟೋ ಕಪ್ಪಗೆ ಚೆನ್ನಾಗಿ ಬಂತು. ಬಿಲ್ಲೆ ನುಣ್ಣಗೆ, ಹಗುರಾಗಿ, ಚಂದವಿತ್ತು. ನಾನು ಅದನ್ನು ನನ್ನ ಟಾನಿಕ್ಕಿನ ಪುಟ್ಟ ಲೋಟದ ಮೇಲೆ ನೊಣ ಕೂರದಂತೆ ಮುಚ್ಚಿಡುತ್ತಿದ್ದೆ. ಚರ್ಮ ಸುಡುವ ಕಿರಣವನ್ನು ತಡೆಯಲೆಂದೇ ಅದನ್ನು ಅಲ್ಲಿ ಕೂರಿಸಿರುತ್ತಾರೆ ಎಂದು ನಮಗೆ ತಿಳಿದದ್ದು ಬಹಳ ತಡವಾಗಿ.

ಗಣಪತಿ ಹಬ್ಬ ಕಳೆದ ಮೇಲೆ ನಾನು ಒಂದು ಸಣ್ಣ ಸಂಗತಿ ಕಂಡೆ. ನೀಲಾ ಬೆಳಿಗ್ಗೆ ಲಿಂಗಪೂಜೆಗೆ ಕೂತು ವಿಭೂತಿ ಹಚ್ಚಿಕೊಳ್ಳುವಾಗ ಮೂರು ಬೆರಳಿನ ಮೂರು ಗೆರೆ ಹಣೆಯ ಮೇಲೆ ಮೂಡುತ್ತಿದ್ದವಲ್ಲ, ಅದರಲ್ಲಿ ಕೆಳಗಿನ ಎರಡರಲ್ಲಿ ಬೆರಳಿನ ಸೂಕ್ಷ್ಮ ರೇಖೆಗಳ ಗೀರು ಕಾಣುತ್ತಿತ್ತು. ಮೇಲಿನದು ಸುಣ್ಣ ಬಳಿದಂತೆ ನುಣ್ಣಗಿತ್ತು. ಅವಳ ಕೈ ಹಿಡಿದು ನೋಡಿದೆ. ತೋರುಬೆರಳಿನ ತುದಿ ಕೆಂಪಗೆ ಹೊಳೆಯುತ್ತಿತ್ತು, ಈರುಳ್ಳಿಯ ಒಳಪೊರೆಯ ಹಾಗೆ. ಅದರ ಸುಳಿ ಮಾಯವಾಗಿತ್ತು. ಉಗುರಿನ ಮೇಲೆ ಕಂದು ಗೀಟು.

“ಉರೀತೈತೇನು?”

“ಉರಿಯಂಗಿಲ್ಲ ವೈನಿ. ಅದ ತ್ರಾಸ. ಏನೂ ಹೇಳಂಗಿಲ್ಲ ಅದು ಈಗ. ಎಳಿ ಎಣಸಾಕ ಹೋದ್ರ ಯಾರದೋ ಬೆರಳ ಹಚ್ಚಿದಂಗ ಆಗ್ತೈತಿ.”

ನಮ್ಮವರು ನೋಡಿ, ಫೋಟೋ ತೊಳೆಯುವ ಔಷಧ ತಿಂದಿದೆ ಎಂದರು. ಅಂದಿನಿಂದ ತೊಳೆಯುವ ಕೆಲಸ ತಂಗಿಗೆ ಬೇಡ, ತಾನೇ ಮಾಡುತ್ತೇನೆ ಎಂದರು. ಪಾಪ, ಮಾಡಿದರು ಕೂಡ. ಬಿಳಿ ಮುಲಾಮು ಹಚ್ಚಿದರು. ಅತ್ತೆ ಬಂದು ಬೆಣ್ಣೆ ಅರಿಶಿನ ಸವರಿದರು, ಸರ್ಪದ ದೋಷ ಎಂದು ಹರಕೆ ಹೊತ್ತರು. ಎಲ್ಲರೂ ಅವಳ ಬೆರಳನ್ನು ಅಷ್ಟು ಜೋಪಾನ ಮಾಡಿದೆವು. ಹೊರಗೆ ಬಂಡಿ ನಿಂತ ಸದ್ದಾದರೆ ಮಾತ್ರ ಅವಳು ಮುಲಾಮು ಒರೆಸಿಕೊಂಡು ಎದ್ದು ಹೋಗಿ ಅದೇ ಬೆರಳನ್ನು ಅದೇ ಮಶೀನಿನ ಮೂತಿಗೆ ಹಿಡಿಯುತ್ತಿದ್ದಳು.

ದೀಪಾವಳಿಯ ಹಿಂದೆ ಮುಂದೆ ನನ್ನ ಮಗಳು ಹುಟ್ಟಿದಳು. ಆಗ ಚೀನಾದ ಯುದ್ಧ. ಓಣಿಯಲ್ಲಿ ರೇಡಿಯೋ ಇದ್ದ ಮನೆಯ ಮುಂದೆ ಜನ ತಲೆ ತಗ್ಗಿಸಿ ನಿಂತಿರುತ್ತಿದ್ದರು. ಮಗು ದುಂಡಗೆ, ಒಂದು ಕೊರತೆ ಇಲ್ಲದೆ ಬಂತು. ಅದರ ಹತ್ತೂ ಬೆರಳನ್ನು ನೀಲಾ ಒಂದೊಂದಾಗಿ ಬಿಡಿಸಿ ನೋಡಿದಳು. ಹೆಸರಿಡುವ ದಿನ ಕುಂಚಿಗೆ ಹಾಕಿದೆವು. ಗೋಪುರದ ಸಾಲು ಪೂರಾ ಆಗಿತ್ತು. ತೊಟ್ಟಿಲಿನ ಸಾಲು ಅರ್ಧಕ್ಕೆ ಬಂದು ಸೊಟ್ಟಗಾಗಿತ್ತು. ಒಂದು ತೊಟ್ಟಿಲು ಇನ್ನೊಂದರ ಮೇಲೆ ಏರಿತ್ತು. ಬಂದವರಲ್ಲಿ ಯಾರೋ, “ಯಾಕ ನೀಲವ್ವಾ, ಮದವಿ ಕನಸಿನ್ಯಾಗ ಎಣಿಕಿ ತಪ್ಪೇತೇನು?” ಎಂದು ಕಿಚಾಯಿಸಿದರು. ನೀಲಾ ಸೆರಗಿನೊಳಗೆ ಕೈ ಮುಚ್ಚಿಕೊಂಡು ನಕ್ಕಳು.

ಸಂಕ್ರಾಂತಿಯ ಹೊತ್ತಿಗೆ ಬೆರಳ ತುದಿ ಒಡೆದು ಹುಣ್ಣಾಯಿತು. ಕೂಡಿಕೊಳ್ಳಲಿಲ್ಲ. ಈಗ ಒಳಗಿನಿಂದ ನೋವು ಬಂತು, ಮೇಲಿನ ಚರ್ಮಕ್ಕೆ ಮಾತ್ರ ಏನೂ ತಿಳಿಯುತ್ತಿರಲಿಲ್ಲ. ಕೈಯನ್ನು ಎದೆಗವಚಿಕೊಂಡು, ತೊಟ್ಟಿಲು ತೂಗುವ ಹಗ್ಗವನ್ನು ಕಾಲಿಗೆ ಕಟ್ಟಿಕೊಂಡು ಕೂತಿರುತ್ತಿದ್ದಳು. ಅಂಥದರಲ್ಲಿ ಸನವಳ್ಳಿಯವರು ಬಂದರು. ಹುಡುಗನ ತಾಯಿ, ಅತ್ತೆಯರು. ನೀಲಾ ಚಹಾದ ತಟ್ಟೆ ಹಿಡಿದು ಬಂದಾಗ ಬಟ್ಟೆ ಸುತ್ತಿದ ಬೆರಳನ್ನು ಅವರು ನೋಡಿದರು. ಹುಡುಗನ ತಾಯಿ ಬಹಳ ಮೃದುವಾಗಿ, “ಏನಾಗೇತವಾ, ಬಿಚ್ಚು ನೋಡೂಣು” ಎಂದಳು. ಬಿಚ್ಚಿದಳು.

ಆ ಹೆಂಗಸು ಬಾಗಿ ತಲೆಯ ಪಿನ್ನಿನಿಂದ ಮೆಲ್ಲಗೆ ಬೆರಳ ಬದಿಗೆ ಚುಚ್ಚಿ, “ತಿಳೀತೈತೇನು?” ಎಂದಳು.

ನೀಲಾಗೆ ಸುಳ್ಳು ಬರುತ್ತಿರಲಿಲ್ಲ. “ಇಲ್ರಿ” ಎಂದಳು.

ಚಹಾ ಹಾಗೇ ಉಳಿಯಿತು. ಹೊಸ್ತಿಲಾಚೆ ಹೋಗಿ ಚಪ್ಪಲಿ ಮೆಟ್ಟುವಾಗ ಅವರು ಆಡಿಕೊಂಡ ಮಾತು ಒಳಗೆ ಕೇಳಿಸಿತು. “ದೊಡ್ಡ ಬ್ಯಾನಿ ಐತಿ. ಮುಚ್ಚಿ ಕೊಡಾಕತ್ತಿದ್ರು.” ದೊಡ್ಡ ಬ್ಯಾನಿ ಎಂದರೆ ನಮ್ಮ ಕಡೆ ಕುಷ್ಠ. ಆ ಮಾತು ಸನವಳ್ಳಿಗೆ ಹೋಯಿತು, ಅತ್ತಿವೇರಿಗೆ ಹೋಯಿತು, ನಮಗಿಂತ ಮೊದಲು ಹಳಿಯಾಳ ಮುಟ್ಟಿತು. ದವಾಖಾನೆಗೆ ಬರುವ ಬಂಡಿಗಳು ನಿಂತವು. ಬಸವ್ವ ಒಬ್ಬಳೇ ಬಂದು, ಆ ಬೆರಳು ತನ್ನ ಬಾಯಲ್ಲಿತ್ತಲ್ಲ ಎಂದು ಅತ್ತು, ಬಾಗಿಲಲ್ಲೇ ನಿಂತು ಶಾಪವನ್ನೂ ಹಾಕದೆ ಹೋದಳು.

ಆಗ ಹುಬ್ಬಳ್ಳಿಗೆ ಹೋದೆವು. ಮೂರು ಜನ, ನನ್ನ ಮಡಿಲಲ್ಲಿ ಕೂಸು. ಅಲ್ಲಿಯ ಒಬ್ಬ ಮುದಿ ಡಾಕ್ಟರು ಬೆರಳನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. ರೋಗ ಕೇಳಲಿಲ್ಲ. “ಈ ಹುಡುಗಿ ಎಲ್ಲೆ ಕೆಲಸ ಮಾಡ್ತಾಳು?” ಎಂದರು. ಆಮೇಲೆ ನಮ್ಮವರತ್ತ ತಿರುಗಿ, “ನಿಮ್ಮ ಕೈ ತೋರಸ್ರಿ” ಎಂದರು. ಆಗೀಗ ಗಂಡಸರ ಬಾಯಲ್ಲಿ ತಾವೇ ಫಿಲ್ಮು ಹಿಡಿಯುತ್ತಿದ್ದ ನಮ್ಮವರ ತೋರುಬೆರಳಿನ ಉಗುರಿನ ಮೇಲೂ ಅದೇ ಕಂದು ಗೀಟುಗಳು. ಇಷ್ಟು ದಿನ ಒಂದೇ ತಾಟಿನ ಪಕ್ಕ ಕೂತು ಬಡಿಸಿದ ನಾನು ಅದನ್ನು ಕಂಡಿರಲಿಲ್ಲ.

“ಏನ ಕಲಿಸಿದ್ರು ನಿಮಗ ಇದರ ಬಗ್ಗೆ?”

“ಬಸುರ್ಯಾರನ್ನ ದೂರ ಇಡ್ರಿ ಅಂದಿದ್ರು” ಎಂದರು ನಮ್ಮವರು. ಪರೀಕ್ಷೆಯಲ್ಲಿ ಉತ್ತರ ಹೇಳುವ ಹುಡುಗನ ದನಿ.

“ಮತ್ತ ಉಳಿದವರೇನು, ಕಲ್ಲಿನವರೇನು?”

ನಮ್ಮವರು ಯಾರನ್ನೂ ನೋಡದೆ ಹೇಳಿದರು. “ನಮಗ ಕಲಿಸಿದ ಸರ್ ಅವರೂ ಹಿಂಗ ಹಿಡೀತಿದ್ರು. ಅವರ ಎರಡು ಬೆರಳು ಸುಟ್ಟ ಬದನಿಕಾಯಿ ಇದ್ದಂಗ ಇದ್ದವು. ನಾವು ಅದನ್ನ... ಭಾಳ ವರ್ಷ ಕೆಲಸ ಮಾಡಿದವರ ಕೈ ಅಂದ್ರ ಹಂಗ ಇರ್ತಾವು ಅಂದ್ಕೊಂಡಿದ್ವಿ. ನಮ್ಮ ಕೈನೂ ಯಾವಾಗ ಹಂಗ ಆಗ್ತಾವೋ ಅಂತ ಚಾಷ್ಟಿ ಮಾಡ್ತಿದ್ವಿ.”

ಮುದಿ ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಹೆಂಗಸರು ಗಂಡಸಿನ ಬೆರಳು ಒಲ್ಲೆ ಎಂದದ್ದನ್ನು, ಬಸವ್ವನ ಕಥೆಯನ್ನು ನಾನೇ ಹೇಳಿದೆ. ಅವರು ಬೈಯಲಿಲ್ಲ. ದಣಿದವರಂತೆ ಹೇಳಿದರು: “ಆ ಅವ್ವಗ ತನ್ನ ಬೆರಳ ಇರಲಿಲ್ಲೇನು? ತನ್ನ ಬಾಯಾಗ ತಾನ ಬೆರಳಿಟ್ಟು ಹಿಡಕೊಂಡಿದ್ರ ಆಗ್ತಿತ್ತಲ್ಲಾ. ಆಕೀಗೆ ಒಂದ ಸಲ. ಈ ಹುಡುಗೀಗೆ ದಿನಾ.”

ಅಷ್ಟೇ. ಅಷ್ಟೇ ಆಗಿತ್ತು. ನಾನು ಆ ಹೊತ್ತಿನಲ್ಲಿ ನಮ್ಮವರ ಮುಖ ನೋಡಿದೆ, ನೋಡಬಾರದಿತ್ತು.

ಯುಗಾದಿಗೆ ಮುಂಚೆ ಬೆರಳನ್ನು ಬುಡದಿಂದ ತೆಗೆದರು. ಮಶೀನಿಗೆ ನನ್ನ ಹಳೆಯ ಸೀರೆ ಹೊದಿಸಿ ಮೂಲೆಗೆ ಸರಿಸಿದೆವು. ನಮ್ಮವರು ಆಮೇಲೆ ಬದುಕಿದಷ್ಟು ದಿನವೂ ಫೋಟೋ ತೆಗೆಯಲಿಲ್ಲ. ಹಲ್ಲನ್ನು ಚಿಮಟದ ಹಿಡಿಕೆಯಿಂದ ಬಡಿದು, ಕಿವಿಗೊಟ್ಟು ಕೇಳಿ ಊಹಿಸುತ್ತಿದ್ದರು. ಒಮ್ಮೆ ಬಚ್ಚಲಿಗೆ ಹೋದವರು ಬಹಳ ಹೊತ್ತು ಬರಲಿಲ್ಲವೆಂದು ನೋಡಿದರೆ, ಕುದಿಯುವ ಹಂಡೆಯ ಪಕ್ಕ ಆ ಔಷಧದ ಪಿಂಗಾಣಿ ತಟ್ಟೆ ಹಿಡಿದು ನಿಂತಿದ್ದರು. “ಕರೆಂಟ ಅಲ್ಲ. ಮಳಿಗಿ ಈ ನೀರ ತಣ್ಣಗಿತ್ತು, ಅದಕ್ಕ ಮಸಕ ಬರ್ತಿದ್ವು. ಒಂದು ತಂಬಗಿ ಬಿಸಿನೀರಾಗ ತಟ್ಟಿ ಇಟ್ಟಿದ್ರ ಸಾಕಿತ್ತು” ಎಂದರು. ಹಂಡೆ ಅಲ್ಲೇ ಇತ್ತು. ಮಳೆಗಾಲವಿಡೀ ಅಲ್ಲೇ ಕುದಿಯುತ್ತಿತ್ತು.

ನೀಲಾ ಅಣ್ಣನನ್ನು ಒಂದು ದಿನವೂ ಏನೂ ಅನ್ನಲಿಲ್ಲ. ಅದೇ ಅವರನ್ನು ತಿಂದಿತು. ಬೈದಿದ್ದರೆ ಒಳ್ಳೆಯದಿತ್ತು ಎಂದು ಎಷ್ಟೋ ಸಲ ನನ್ನ ಮುಂದೆ ಹೇಳಿಕೊಂಡರು. ಅವಳಿಗೆ ಮತ್ತೆ ಯಾರೂ ಸಂಬಂಧ ಕೇಳಿ ಬರಲಿಲ್ಲ. ಕುಷ್ಠವಲ್ಲ ಎಂದು ಊರೂರಿಗೆ ಹೋಗಿ ಹೇಳುವುದಾದರೂ ಹೇಗೆ? ಸೂಜಿ ಬಹಳ ದಿನ ರವಿಕೆಯ ಹೆಗಲಲ್ಲೇ ಇತ್ತು. ಒಂದು ದಿನ ಇರಲಿಲ್ಲ. ನಾನು ಕೇಳಲಿಲ್ಲ. ಬೆಳಿಗ್ಗೆ ಪೂಜೆಗೆ ಕೂತಾಗ ಅವಳ ಹಣೆಯ ಮೇಲೆ ಒಂದೇ ಸವರಿಗೆ ಎರಡು ಗೆರೆ ಮೂಡುತ್ತಿದ್ದವು. ಆಮೇಲೆ ಮತ್ತೊಮ್ಮೆ ವಿಭೂತಿ ಮುಟ್ಟಿ, ನಡುಬೆರಳಿನಿಂದ ಮೂರನೆಯದನ್ನು ಎಳೆಯುತ್ತಿದ್ದಳು. ಅದು ಯಾವಾಗಲೂ ತುಸು ಇಳಿದಿರುತ್ತಿತ್ತು. ಕೆಲವು ವರ್ಷಗಳ ಮೇಲೆ ಕಂಕುಳಲ್ಲಿ ಗಂಟು ಬಂತು. ನನ್ನ ಮಗಳು ಪ್ರಾಥಮಿಕ ಶಾಲೆ ಮುಗಿಸುವ ಮೊದಲೇ ಅವಳು ಹೋದಳು. ಕೊನೆಯ ದಿನ ಅವಳ ಹಣೆಗೆ ನಾನು ವಿಭೂತಿ ಹಚ್ಚಿದೆ. ಮೂರೂ ಗೆರೆ ಸಮನಾಗಿ ಬಂದವು, ಅದನ್ನು ನೋಡಿ ನಮ್ಮವರು ಎದ್ದು ಹೊರಗೆ ಹೋದರು.

ಇದನ್ನೆಲ್ಲ ಹಳಿಯಾಳದ ಆ ಎಳೆ ಡಾಕ್ಟರಿಗೆ ಹೇಳಿದೆ. ಇಷ್ಟು ಉದ್ದ ಅಲ್ಲ. ಅವಳು ಗುಂಡಿ ಒತ್ತುವ ಮೊದಲು ಹೇಳಬಹುದಾದಷ್ಟು. “ಕೂಸಿನ ಬೆರಳಲೇ ಹಿಡಸವ್ವಾ. ಇಲ್ಲಾ ನಾ ಹಿಡೀತೇನಿ, ನಂದು ಮುದುಕಿ ಬೆರಳು, ಇನ್ನೇನ ಆಗೂದೈತಿ ಇದಕ್ಕ. ನೀ ದಿನಾ ಹಿಡಿಯಾಕಿ” ಎಂದೆ. ಅವಳು ಸಮಾಧಾನದಿಂದ ಕೇಳಿದಳು. ಒಳ್ಳೆಯ ಹುಡುಗಿ, ದೊಡ್ಡವರ ಮಾತಿಗೆ ಅಡ್ಡ ಬಾರದವಳು.

“ಅವು ಹಳೇ ಮಶೀನ್ ಇದ್ವಲ್ರಿ ಅಜ್ಜಿ. ಈಗಿನ್ವು ಹಂಗಿಲ್ಲ. ನಮ್ಮ ಕಾಲೇಜಿನ್ಯಾಗ ಎಲ್ಲಾರೂ ಹಿಂಗ ಹಿಡೀತಾರ” ಎಂದಳು.

ಸದ್ದು ಮಾತ್ರ ಮೊದಲಿನಂತಿರಲಿಲ್ಲ. ಒಂದು ಚಿಕ್ಕ ಕೀಚಲು, ಅಷ್ಟೇ. ಅವಳು ಬೆರಳು ಹೊರತೆಗೆದು ಮಗುವಿನ ಗಲ್ಲ ತಟ್ಟಿದಳು. ನಾವು ಮೆಟ್ಟಿಲು ಇಳಿಯುವ ಮೊದಲೇ ಒಳಗೆ ಇನ್ನೊಬ್ಬರನ್ನು ಕರೆದಳು. ಮತ್ತೆ ಆ ಕೀಚಲು ಕೇಳಿಸಿತು.

ಮನೆಗೆ ಬಂದ ಮೇಲೆ ಟ್ರಂಕಿನ ತಳದಿಂದ ಕುಂಚಿಗೆ ತೆಗೆದೆ. ಮಗಳು ಹಾಕಿದ್ದು, ಮೊಮ್ಮಗಳು ಹಾಕಿದ್ದು. ಈಗ ನನ್ನ ಕಣ್ಣಿಗೆ ಕಪ್ಪು ಬಟ್ಟೆಯ ಮೇಲಿನ ಎಳೆ ಕಾಣುವುದಿಲ್ಲ. ಕಣ್ಣು ಮುಚ್ಚಿ, ಹಿಂಬದಿಗೆ ತಿರುಗಿಸಿ, ನನ್ನ ತೋರುಬೆರಳನ್ನು ಹಣೆಯ ಅಂಚಿನಿಂದ ಕೆಳಗೆ ಸರಿಸಿದೆ. ಗೋಪುರಗಳು ಮುಂದಿನಂತೆಯೇ ಹಿಂದೆ, ನುಣ್ಣಗೆ ಸಾಗಿದವು. ಮೊದಲ ತೊಟ್ಟಿಲು, ಎರಡನೆಯ ತೊಟ್ಟಿಲು. ಅದರಾಚೆ ಬೆರಳಿಗೆ ಒಂದು ಗಂಟು ಸಿಕ್ಕಿತು. ಆಮೇಲೆ ಇನ್ನೊಂದು. ಆಮೇಲೆ ಬರೀ ಗಂಟುಗಳೇ.